ಹಲ್ಲಿನ ಇಂಪ್ಲಾಂಟ್: ವಸಡು ಕೊಯ್ದೋ, ಕೊಯ್ಯದೆಯೋ, ಗೈಡ್ ಇಟ್ಟೋ?

ಒಂದು ಹಲ್ಲು ಹೋದವರು ಇಬ್ಬರು ದಂತವೈದ್ಯರನ್ನು ಕಂಡರೆ ಎರಡು ಬೇರೆ ಬೇರೆ ಚೀಟಿ ಹಿಡಿದು ಮನೆಗೆ ಬರುವುದುಂಟು. ಒಂದರಲ್ಲಿ ‘ಫ್ಲ್ಯಾಪ್‌ಲೆಸ್, ಹೊಲಿಗೆ ಇಲ್ಲ’ ಎಂದಿರುತ್ತದೆ. ಇನ್ನೊಂದರಲ್ಲಿ ‘ಮೂಳೆ ಕಸಿ, ಎರಡು ಹಂತ, ಆರು ತಿಂಗಳು’. ದಾರಿಯಲ್ಲಿ ಕಂಡ ಫಲಕ ‘ಮೂರೇ ದಿನದಲ್ಲಿ ಫಿಕ್ಸ್ ಹಲ್ಲು’ ಎನ್ನುತ್ತದೆ. ಯಾವುದು ಒಳ್ಳೆಯದು ಎಂದು ಕೇಳಿದರೆ ನೇರ ಉತ್ತರ ಸಿಗುವುದಿಲ್ಲ. ಕಾರಣ, ಇವೆಲ್ಲ ಒಂದೇ ಸಾಲಿನಲ್ಲಿಟ್ಟು ತೂಗುವ ಹೆಸರುಗಳೇ ಅಲ್ಲ.

ಇಂಪ್ಲಾಂಟ್ ಇಡುವಾಗ ವೈದ್ಯರು ನಾಲ್ಕು ಪ್ರಶ್ನೆಗಳನ್ನು ಬಿಡಿಬಿಡಿಯಾಗಿ ತೀರ್ಮಾನಿಸಬೇಕಾಗುತ್ತದೆ. ಹಲ್ಲು ಕಿತ್ತ ಎಷ್ಟು ದಿನಕ್ಕೆ ಇಡುವುದು? ವಸಡನ್ನು ಬಿಡಿಸಿ ಮೂಳೆಯನ್ನು ನೋಡುವುದೋ, ಬಿಡಿಸದೆಯೇ ಕೊರೆಯುವುದೋ? ಡ್ರಿಲ್ಲಿಗೆ ದಾರಿ ತೋರಿಸುವುದು ಬರಿಗೈಯೋ, ಅಚ್ಚೋ, ಕ್ಯಾಮೆರಾವೋ? ಮೇಲಿನ ಹಲ್ಲನ್ನು ಯಾವಾಗ ಕೂರಿಸುವುದು? ‘ಫ್ಲ್ಯಾಪ್‌ಲೆಸ್’ ಎಂಬುದು ಎರಡನೆಯ ಪ್ರಶ್ನೆಗೆ ಒಂದು ಉತ್ತರ, ‘ಗೈಡೆಡ್’ ಎಂಬುದು ಮೂರನೆಯದಕ್ಕೆ, ‘ಮೂರು ದಿನ’ ಎಂಬುದು ನಾಲ್ಕನೆಯದಕ್ಕೆ. ಈ ನಾಲ್ಕು ಎಳೆಗಳನ್ನು ಬಿಡಿಸಿಕೊಂಡರೆ ಕೈಯಲ್ಲಿರುವ ಚೀಟಿಯನ್ನು ಓದುವುದು ಸುಲಭ.

ಮೂಳೆ ತಿರುಪನ್ನು ಹೇಗೆ ಹಿಡಿಯುತ್ತದೆ

ಇಂಪ್ಲಾಂಟ್ ಎಂದರೆ ಹಲ್ಲಲ್ಲ, ಹಲ್ಲಿನ ಬೇರು. ಸಾಮಾನ್ಯವಾಗಿ 3.5ರಿಂದ 5 ಮಿ.ಮೀ. ದಪ್ಪ, 8ರಿಂದ 13 ಮಿ.ಮೀ. ಉದ್ದದ ಟೈಟಾನಿಯಂ ತಿರುಪು. ಅದರ ತಲೆಗೆ ಕೂರುವ ಕೊಂಡಿಗೆ ಅಬಟ್‌ಮೆಂಟ್ ಎನ್ನುತ್ತಾರೆ. ಬಾಯಲ್ಲಿ ಕಾಣುವ ಹಲ್ಲು, ಅಂದರೆ ಕ್ಯಾಪ್, ಆ ಕೊಂಡಿಯ ಮೇಲೆ ಕೂರುತ್ತದೆ.

ಟೈಟಾನಿಯಂ ಏಕೆ ಎಂಬುದರ ಹಿಂದೆ ಸ್ವೀಡನ್ನಿನ ಒಂದು ಪ್ರಯೋಗವಿದೆ. ಪರ್ ಇಂಗ್ವಾರ್ ಬ್ರೋನೆಮಾರ್ಕ್ ಎಂಬ ವೈದ್ಯವಿಜ್ಞಾನಿ 1950ರ ದಶಕದ ಆರಂಭದಲ್ಲಿ ಮೊಲದ ಕಾಲಿನ ಮೂಳೆಯೊಳಗಿನ ರಕ್ತ ಸಂಚಾರ ನೋಡಲು ಟೈಟಾನಿಯಂ ಕೊಳವೆ ಇಟ್ಟಿದ್ದರು. ಕೆಲಸ ಮುಗಿದು ತೆಗೆಯಹೋದರೆ ಕೊಳವೆ ಬರಲಿಲ್ಲ, ಮೂಳೆ ಅದಕ್ಕೆ ಅಂಟಿಕೊಂಡು ಬೆಳೆದಿತ್ತು. 1965ರಲ್ಲಿ ಅವರು ಮೊದಲ ರೋಗಿಯ ದವಡೆಯಲ್ಲಿ ಟೈಟಾನಿಯಂ ಬೇರು ಕೂರಿಸಿದರು. ಮೂಳೆ ಹೀಗೆ ಲೋಹಕ್ಕೆ ನೇರವಾಗಿ ಬೆಸೆದುಕೊಳ್ಳುವುದಕ್ಕೆ ಆಸಿಯೊಇಂಟಿಗ್ರೇಷನ್ ಎಂದು ಹೆಸರು. ಇಲ್ಲಿ ಮೂಳೆ ಬೆಸುಗೆ ಎನ್ನೋಣ.

ಮುಂದಿನ ಎಲ್ಲದಕ್ಕೂ ಬೇಕಾದ ಒಂದು ಸಂಗತಿ ಇದೆ. ತಿರುಪು ಕೂತ ದಿನ ಅದನ್ನು ಹಿಡಿದಿರುವುದು ಬರೀ ಬಿಗಿ, ಗೋಡೆಗೆ ಹೊಡೆದ ಮೊಳೆಯ ಬಿಗಿಯಂಥದ್ದು. ದಿನ ಕಳೆದಂತೆ ತಿರುಪಿನ ಸುತ್ತ ಒತ್ತಿಹೋದ ಹಳೆಯ ಮೂಳೆಯನ್ನು ದೇಹ ಕರಗಿಸುತ್ತದೆ, ಆ ಜಾಗದಲ್ಲಿ ಹೊಸ ಮೂಳೆ ಕಟ್ಟುತ್ತದೆ. ಹಳೆಯ ಬಿಗಿ ಸಡಿಲವಾಗಿ ಹೊಸ ಬೆಸುಗೆ ಇನ್ನೂ ಬಲಿಯದ ಹೊತ್ತು ಎರಡನೆಯ ವಾರದಿಂದ ನಾಲ್ಕನೆಯ ವಾರದವರೆಗೆ ಬರುತ್ತದೆ. ಇಂಪ್ಲಾಂಟ್ ಅತಿ ದುರ್ಬಲವಾಗಿರುವುದು ಆಗಲೇ. ನೋವೆಲ್ಲ ಹೋಗಿ ‘ಸರಿಯಾಯಿತು’ ಅನ್ನಿಸುವುದೂ ಅದೇ ಹೊತ್ತಿಗೆ, ಚಕ್ಕುಲಿ ಕಡಿಯುವ ಧೈರ್ಯ ಬರುವುದೂ ಆಗಲೇ. ತಿರುಪು ಮೂಳೆಯೊಳಗೆ ಒಂದು ಮಿ.ಮೀ.ನ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಮತ್ತೆ ಮತ್ತೆ ಅಲುಗಿದರೆ ಸುತ್ತ ಮೂಳೆಯ ಬದಲು ನಾರಿನಂಥ ಪೊರೆ ಬೆಳೆದುಬಿಡುತ್ತದೆ. ಪೊರೆ ಬೆಳೆದ ಮೇಲೆ ಬೆಸುಗೆ ಇಲ್ಲ, ತಿರುಪನ್ನು ತೆಗೆಯಲೇಬೇಕು.

ಬೆಸುಗೆಯ ಇನ್ನೊಂದು ಶತ್ರು ಬಿಸಿ. ಮೂಳೆ 47 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ನಿಮಿಷ ಇದ್ದರೆ ಅದರ ಜೀವಕೋಶಗಳಿಗೆ ಪೆಟ್ಟಾಗುತ್ತದೆ. ಕೈಗೆ ತಾಗಿದರೆ ಬಿಸಿನೀರು ಅನ್ನಿಸುವಷ್ಟೇ ಬಿಸಿ ಅದು. ಆದ್ದರಿಂದ ನಿಮಿಷಕ್ಕೆ 800ರಿಂದ 1,500 ಸುತ್ತಿನ ವೇಗದಲ್ಲಿ, ಸಲೈನ್ ಸುರಿಸುತ್ತ, ಡ್ರಿಲ್ಲನ್ನು ಒಳಗೆ ಹೊರಗೆ ಆಡಿಸುತ್ತ ಕೊರೆಯುತ್ತಾರೆ. ಮೊಂಡಾದ ಡ್ರಿಲ್ ಹೆಚ್ಚು ಒತ್ತಡ ಬೇಡುತ್ತದೆ, ಒತ್ತಡ ಹೆಚ್ಚಿದಂತೆ ಬಿಸಿಯೂ ಏರುತ್ತದೆ.

ಕೊರೆಯುವ ಮೊದಲು ಅಳೆಯುವುದು

ದವಡೆ ಹೊರಗಿನಿಂದ ಎಷ್ಟು ದಪ್ಪ ಕಂಡರೂ ಅದರಲ್ಲಿ ವಸಡಿನ ಪಾಲೇ ದೊಡ್ಡದಿರಬಹುದು. ಒಳಗಿನ ಮೂಳೆ ಎಷ್ಟಿದೆ ಎಂದು ತಿಳಿಯಲು ಸಿಬಿಸಿಟಿ ಎಂಬ ಮೂರು ಆಯಾಮದ ಸ್ಕ್ಯಾನ್ ಬೇಕು. ಮುಖದ ಸುತ್ತ ತಿರುಗುತ್ತ ತೆಗೆಯುವ ಓಪಿಜಿ ಎಕ್ಸ್‌ರೇ ಎತ್ತರವನ್ನು ತೋರಿಸುತ್ತದೆ, ಅಗಲವನ್ನು ತೋರಿಸುವುದಿಲ್ಲ. ಇಂಪ್ಲಾಂಟ್ ಎಡವುವುದು ಹೆಚ್ಚಾಗಿ ಅಗಲದಲ್ಲೇ.

ಲೆಕ್ಕ ಹೀಗೆ. 4 ಮಿ.ಮೀ. ತಿರುಪಿನ ತುಟಿಯ ಬದಿಗೂ ನಾಲಿಗೆಯ ಬದಿಗೂ ಕನಿಷ್ಠ ಒಂದೂವರೆ ಮಿ.ಮೀ. ಮೂಳೆ ಉಳಿಯಬೇಕು, ಅಂದರೆ 7 ಮಿ.ಮೀ. ಅಗಲ ಬೇಕು. ಪಕ್ಕದ ಹಲ್ಲಿನ ಬೇರಿಗೂ ತಿರುಪಿಗೂ ನಡುವೆ 1.5 ಮಿ.ಮೀ., ಎರಡು ತಿರುಪುಗಳ ನಡುವೆ 3 ಮಿ.ಮೀ. ಜಾಗ ಬೇಕು. ಕೆಳದವಡೆಯ ಒಳಗೆ ಕೆಳತುಟಿ ಮತ್ತು ಗದ್ದಕ್ಕೆ ಸ್ಪರ್ಶ ಕೊಡುವ ನರ ಒಂದು ಕಾಲುವೆಯಲ್ಲಿ ಹಾದುಹೋಗುತ್ತದೆ. ತಿರುಪಿನ ತುದಿ ಅದರಿಂದ 2 ಮಿ.ಮೀ. ಮೇಲೆಯೇ ನಿಲ್ಲಬೇಕು. ಈ 2 ಮಿ.ಮೀ. ಬರೀ ಹೆದರಿಕೆಯ ಲೆಕ್ಕವಲ್ಲ. ಡ್ರಿಲ್ಲಿನ ಮೇಲೆ ‘10’ ಎಂದು ಗೆರೆ ಇದ್ದರೂ ಅದರ ಚೂಪು ಮೂತಿ ಆ ಗೆರೆಯ ಲೆಕ್ಕಕ್ಕೆ ಸೇರಿರುವುದಿಲ್ಲ, ಹಲವು ಕಂಪನಿಗಳ ಡ್ರಿಲ್ಲುಗಳಲ್ಲಿ ಅದು ಅರ್ಧದಿಂದ ಒಂದು ಮಿ.ಮೀ.ವರೆಗೆ ಮುಂದಕ್ಕಿರುತ್ತದೆ. ಅದನ್ನು ಮರೆತವರ ಕೈಯಲ್ಲಿ ಗೆರೆ ಸರಿಯಾಗಿಯೇ ಇರುತ್ತದೆ, ನರಕ್ಕೆ ಮಾತ್ರ ಪೆಟ್ಟಾಗಿರುತ್ತದೆ.

ಮೂಳೆಯ ಗಟ್ಟಿತನವೂ ಒಂದೇ ತೆರನಲ್ಲ. ಕೆಳದವಡೆಯ ಮುಂಭಾಗ ಸಾಗುವಾನಿ ಮರದಂತೆ, ಮೇಲ್ದವಡೆಯ ಹಿಂಭಾಗ ಬೆಂಡಿನಂತೆ. ಗಟ್ಟಿ ಮೂಳೆಯಲ್ಲಿ ರಂಧ್ರವನ್ನು ಪೂರ್ತಿ ಅಗಲ ಮಾಡಿ, ಬೇಕಾದರೆ ಒಳಗೋಡೆಯಲ್ಲಿ ತಿರುಪಿನ ಎಳೆಗಳಿಗೆ, ಅಂದರೆ ಸುರುಳಿ ಗೆರೆಗಳಿಗೆ, ತಕ್ಕ ಜಾಡು ಕೊಯ್ದು ತಿರುಪು ಇಡುತ್ತಾರೆ. ಇಲ್ಲದಿದ್ದರೆ ಅತಿಯಾದ ಬಿಗಿಗೆ ಮೂಳೆ ನಲುಗಿ ಸಾಯುತ್ತದೆ. ಮೆದು ಮೂಳೆಯಲ್ಲಿ ಕ್ರಮ ತಿರುಗುಮುರುಗು. ರಂಧ್ರವನ್ನು ಬೇಕೆಂದೇ ಸಣ್ಣದಾಗಿ ಬಿಟ್ಟು ತಿರುಪೇ ಒತ್ತಿಕೊಂಡು ಹೋಗುವಂತೆ ಮಾಡುತ್ತಾರೆ. ಮೂಳೆಯನ್ನು ಕೊರೆದು ಹೊರಹಾಕುವ ಬದಲು ಉಲ್ಟಾ ತಿರುಗುತ್ತ ಬದಿಗಳಿಗೆ ಅದುಮುವ ಡ್ರಿಲ್ಲುಗಳೂ ಈಗ ಇವೆ.

ವಸಡು ಬಿಡಿಸಿ ಇಡುವ ಕ್ರಮ

ಇದು ಹಳೆಯ ದಾರಿ, ಇಂದಿಗೂ ಹೆಚ್ಚು ನಡೆಯುವ ದಾರಿ. ಲಿಗ್ನೊಕೇನ್ ಚುಚ್ಚಿ ಜಾಗ ಮರಗಟ್ಟಿದ ಮೇಲೆ ಹಲ್ಲು ಹೋದ ಜಾಗದ ವಸಡಿನ ದಿಬ್ಬದ ನೆತ್ತಿಯ ಮೇಲೆ ಒಂದು ಗೀಟು ಕೊಯ್ಯುತ್ತಾರೆ. ಕೊಯ್ತ ಮೂಳೆಯವರೆಗೂ ಹೋಗಬೇಕು. ಆಮೇಲೆ ಚಪ್ಪಟೆ ಉಪಕರಣದಿಂದ ವಸಡನ್ನೂ ಅದರಡಿಯ ಮೂಳೆಪೊರೆಯನ್ನೂ ಒಟ್ಟಿಗೆ, ಹಲಸಿನ ತೊಳೆಯಿಂದ ಪೊರೆ ಬಿಡಿಸುವಷ್ಟು ಜೋಪಾನವಾಗಿ ಎಬ್ಬಿಸುತ್ತಾರೆ. ಹೀಗೆ ಎದ್ದ ಮಡಿಕೆಯೇ ಫ್ಲ್ಯಾಪ್.

ಈಗ ಮೂಳೆ ಕಣ್ಣೆದುರಿಗಿದೆ. ಮೊದಲು 2 ಮಿ.ಮೀ. ಡ್ರಿಲ್ಲಿನಿಂದ ಪೂರ್ತಿ ಆಳಕ್ಕೆ ಒಂದು ರಂಧ್ರ. ಅದರಲ್ಲಿ ಲೋಹದ ಕಡ್ಡಿಯೊಂದನ್ನು ನಿಲ್ಲಿಸಿ ಎಕ್ಸ್‌ರೇ ತೆಗೆದು ಕೋನ ನೋಡುತ್ತಾರೆ. ಕೋನ ತಪ್ಪಿದ್ದರೆ ಸರಿಪಡಿಸಲು ಇದೇ ಹೊತ್ತು, ರಂಧ್ರ ದೊಡ್ಡದಾದ ಮೇಲೆ ಡ್ರಿಲ್ ಹಳೆಯ ಜಾಡಿಗೇ ಜಾರುತ್ತದೆ. ಮುಂದೆ 2.8, 3.2 ಹೀಗೆ ಹಂತ ಹಂತವಾಗಿ ಅಗಲ ಮಾಡಿ, ಕೊನೆಗೆ ನಿಮಿಷಕ್ಕೆ 15ರಿಂದ 30 ಸುತ್ತಿನ ನಿಧಾನ ವೇಗದಲ್ಲಿ ತಿರುಪನ್ನು ಇಳಿಸುತ್ತಾರೆ. ತಿರುಗಿಸಲು ಬೇಕಾದ ಬಲಕ್ಕೆ ಟಾರ್ಕ್ ಎನ್ನುತ್ತಾರೆ. 35 ನ್ಯೂಟನ್ ಸೆಂಟಿಮೀಟರ್ ಆಸುಪಾಸು ಬಂದರೆ ಒಳ್ಳೆಯ ಬಿಗಿ.

ಇದರ ದೊಡ್ಡ ಲಾಭ ಕಾಣುವುದು. ಮೂಳೆಯ ದಿಬ್ಬ ಕತ್ತಿಯಂಚಿನಂತಿದ್ದರೆ ಮಟ್ಟ ಮಾಡಬಹುದು, ತಿರುಪಿನ ಒಂದೆರಡು ಎಳೆ ಹೊರಗೆ ಕಂಡರೆ ಅಲ್ಲೇ ಮೂಳೆ ಪುಡಿ ಹಾಕಿ ಮುಚ್ಚಬಹುದು (ಮೂಳೆ ಕಸಿ ಎನ್ನುವುದು ಇದಕ್ಕೇ), ವಸಡನ್ನು ಬೇಕಾದ ಕಡೆಗೆ ಸರಿಸಿ ಹೊಲಿಯಬಹುದು. ಸಲೈನ್ ನೇರವಾಗಿ ಡ್ರಿಲ್ಲಿನ ಬುಡಕ್ಕೇ ಬೀಳುತ್ತದೆ.

ಬೆಲೆಯೂ ಇದೆ. ಮೂಳೆಯ ಹೊರಮೈಗೆ ರಕ್ತ ಬರುವುದು ಮೂಳೆಪೊರೆಯಿಂದ. ಪೊರೆ ಎಬ್ಬಿಸಿದಾಗ ಆ ಹರಿವು ಕೆಲವು ದಿನ ಕಡಿಯುತ್ತದೆ, ತೆಳು ಮೂಳೆಯಾದರೆ ಸ್ವಲ್ಪ ಕರಗುತ್ತದೆ. ಎರಡು ಮೂರನೆಯ ದಿನಕ್ಕೆ ಊತ ಏರುತ್ತದೆ, ಹೊಲಿಗೆ ಬಿಚ್ಚಲು 7ರಿಂದ 10 ದಿನದಲ್ಲಿ ಮತ್ತೆ ಹೋಗಬೇಕು. ಹೊಲಿಗೆಯನ್ನು ಎಳೆದು ಬಿಗಿದರೆ ಅಂಚು ರಕ್ತವಿಲ್ಲದೆ ಬಿಳಿಚಿ ಬಿಟ್ಟುಕೊಳ್ಳುತ್ತದೆ. ಗಾಯ ತೆರೆದುಕೊಳ್ಳುವುದರ ಹಿಂದೆ ಸೋಂಕಿಗಿಂತ ಈ ಎಳೆತವೇ ಇರುವುದು ಹೆಚ್ಚು.

ಕೊಯ್ಯದೆ ಇಡುವುದು

ಫ್ಲ್ಯಾಪ್‌ಲೆಸ್ ವಿಧಾನದಲ್ಲಿ ವಸಡಿನಿಂದ ಬಟನ್ ಗಾತ್ರದ ಒಂದು ವೃತ್ತವನ್ನು ಪಂಚ್ ಮಾಡಿ ತೆಗೆದು, ಆ ಕಿಂಡಿಯಿಂದಲೇ ಕೊರೆಯುತ್ತಾರೆ. ಮೂಳೆಪೊರೆ ಇದ್ದಲ್ಲೇ ಇರುವುದರಿಂದ ರಕ್ತ ಸಂಚಾರ ಕಡಿಯುವುದಿಲ್ಲ. ಊತ, ನೋವು, ರಕ್ತಸ್ರಾವ ಎಲ್ಲವೂ ಕಡಿಮೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಇದು ಹಗುರ. ಹೆಚ್ಚಾಗಿ ಹೊಲಿಗೆಯೂ ಬೇಕಾಗುವುದಿಲ್ಲ.

ಆದರೆ ಕೊರೆಯುವವರಿಗೆ ಮೂಳೆ ಕಾಣುವುದಿಲ್ಲ. ಮಣ್ಣಿನಡಿ ಪೈಪ್ ಎಲ್ಲಿದೆ ಎಂದು ನಕ್ಷೆ ನೋಡಿ ಗುದ್ದಲಿ ಹಾಕಿದ ಹಾಗೆ. ನಕ್ಷೆ ಸರಿಯಿದ್ದರೆ, ಗುದ್ದಲಿ ನೇರವಾಗಿದ್ದರೆ ತೊಂದರೆ ಇಲ್ಲ. ಕೋನ ಸ್ವಲ್ಪ ವಾಲಿದರೆ ತಿರುಪಿನ ಬದಿ ಮೂಳೆಯನ್ನು ತೂತು ಮಾಡಿಕೊಂಡು ಹೊರಬರುತ್ತದೆ, ಅದು ಯಾರಿಗೂ ಆಗ ಗೊತ್ತಾಗುವುದಿಲ್ಲ. ತಿಂಗಳುಗಳ ಮೇಲೆ ವಸಡಿನ ಮೂಲಕ ಬೂದು ಛಾಯೆ ಕಂಡಾಗಲೋ ಕೀವು ಬಂದಾಗಲೋ ತಿಳಿಯುತ್ತದೆ. ಕೆಳದವಡೆಯ ಹಿಂಭಾಗದಲ್ಲಿ ನಾಲಿಗೆಯ ಬದಿಗೆ ಮೂಳೆ ಒಳಕ್ಕೆ ಬಾಗಿರುತ್ತದೆ. ಅಲ್ಲಿ ಡ್ರಿಲ್ ಹೊರಬಿದ್ದರೆ ನಾಲಿಗೆಯ ಕೆಳಗಿನ ರಕ್ತನಾಳಕ್ಕೆ ತಗುಲಬಹುದು. ಬಾಯಿಯ ತಳದಲ್ಲಿ ರಕ್ತ ತುಂಬಿ ನಾಲಿಗೆ ಮೇಲೆದ್ದರೆ ಉಸಿರಿನ ದಾರಿಯೇ ಮುಚ್ಚುವ ಅಪಾಯ. ಅಪರೂಪ ನಿಜ, ಆದರೆ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಯಲ್ಲಿ ಪ್ರಾಣಕ್ಕೇ ಕುತ್ತು ತರಬಲ್ಲ ಸಂಗತಿ ಇದು.

ಇನ್ನೊಂದು ನಷ್ಟವನ್ನು ಯಾರೂ ಹೆಚ್ಚು ಹೇಳುವುದಿಲ್ಲ. ಹಲ್ಲಿನ ಸುತ್ತ ಗಟ್ಟಿಯಾಗಿ, ಅಲುಗಾಡದೆ ಇರುವ ತೆಳುಗುಲಾಬಿ ವಸಡು ಬೆಲೆಬಾಳುವ ಅಂಗಾಂಶ. ಇಂಪ್ಲಾಂಟ್ ಸುತ್ತ ಅದು 2 ಮಿ.ಮೀ. ಆದರೂ ಇದ್ದರೆ ಬ್ರಷ್ ಮಾಡುವಾಗ ನೋವಾಗುವುದಿಲ್ಲ, ಕೊಳೆ ಕೂರುವುದು ಕಡಿಮೆ. ಪಂಚ್ ಮಾಡುವುದೆಂದರೆ ಅದನ್ನೇ ಕತ್ತರಿಸಿ ಎಸೆಯುವುದು. ಗಟ್ಟಿ ವಸಡು ಧಾರಾಳವಾಗಿದ್ದವರಿಗೆ ಮಾತ್ರ ಈ ಖರ್ಚು ತಾಳುತ್ತದೆ.

ಹಾಗಾಗಿ ‘ಹೊಲಿಗೆ ಇಲ್ಲ’ ಎಂಬುದು ಗುಣಮಟ್ಟದ ಗುರುತಲ್ಲ. ಮೂಳೆ ಅಗಲವಾಗಿದ್ದು, ವಸಡು ಸಾಕಷ್ಟಿದ್ದು, ಸಿಬಿಸಿಟಿ ಆಗಿದ್ದರೆ ಅದು ಒಳ್ಳೆಯ ದಾರಿ. ಬರೀ ಓಪಿಜಿ ನೋಡಿ ಬರಿಗೈಯಲ್ಲಿ ಮಾಡುವ ಫ್ಲ್ಯಾಪ್‌ಲೆಸ್ ಕುರುಡು ಕೆಲಸ.

ಬರಿಗೈ, ಗೈಡ್, ಕ್ಯಾಮೆರಾ

ಗೈಡ್ ಎಂದರೆ ಹಲ್ಲುಗಳ ಮೇಲೆ ಟೊಪ್ಪಿಗೆಯಂತೆ ಕೂರುವ ಪ್ಲಾಸ್ಟಿಕ್ ಅಚ್ಚು. ಅದರಲ್ಲಿ ಲೋಹದ ಬಳೆ ಕೂರಿಸಿದ ತೂತು ಇರುತ್ತದೆ, ಡ್ರಿಲ್ ಅದರೊಳಗಿಂದಲೇ ಇಳಿಯಬೇಕು. ಮಾಡುವುದು ಹೀಗೆ: ಸಿಬಿಸಿಟಿ ಮೂಳೆಯನ್ನು ತೋರಿಸುತ್ತದೆ, ಬಾಯೊಳಗೆ ಆಡಿಸುವ ಪುಟ್ಟ ಸ್ಕ್ಯಾನರ್ ಹಲ್ಲು ಮತ್ತು ವಸಡಿನ ಮೇಲ್ಮೈಯನ್ನು ಹಿಡಿಯುತ್ತದೆ. ಕಂಪ್ಯೂಟರಿನಲ್ಲಿ ಎರಡನ್ನೂ ಒಂದರ ಮೇಲೊಂದು ಕೂರಿಸಿ, ಮೊದಲು ಹಲ್ಲು ಎಲ್ಲಿ ಬರಬೇಕೆಂದು ನಿಶ್ಚಯಿಸಿ, ಅದಕ್ಕೆ ತಕ್ಕಂತೆ ತಿರುಪಿನ ಜಾಗ ಗೊತ್ತುಮಾಡುತ್ತಾರೆ. ಆಮೇಲೆ ಅಚ್ಚನ್ನು 3ಡಿ ಪ್ರಿಂಟ್ ಮಾಡುತ್ತಾರೆ.

ಗೈಡ್ ಇದ್ದರೆ ಎಳ್ಳಷ್ಟೂ ತಪ್ಪುವುದಿಲ್ಲ ಎಂಬುದು ತಪ್ಪು ತಿಳಿವಳಿಕೆ. ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಗೈಡ್ ಬಳಸಿದಾಗಲೂ ಯೋಜನೆಗೂ ವಾಸ್ತವಕ್ಕೂ ಸರಾಸರಿ ವ್ಯತ್ಯಾಸ ಮೂಳೆಯ ಬಾಯಲ್ಲಿ 1.2 ಮಿ.ಮೀ., ತಿರುಪಿನ ತುದಿಯಲ್ಲಿ 1.4 ಮಿ.ಮೀ., ಕೋನದಲ್ಲಿ 3.5 ಡಿಗ್ರಿ. ಬರಿಗೈಯಲ್ಲಿ ತಪ್ಪುವುದು ಇದಕ್ಕಿಂತ ಹೆಚ್ಚು, ಅದು ಕೈಯಿಂದ ಕೈಗೆ ಬದಲಾಗುತ್ತದೆ ಕೂಡ. ನರದಿಂದ 2 ಮಿ.ಮೀ. ದೂರ ಎಂಬ ನಿಯಮವನ್ನು ಗೈಡ್ ಇದ್ದರೂ ಬಿಡಬಾರದು ಎನ್ನುವುದು ಈ ಅಂಕಿಗಳಿಗಾಗಿಯೇ.

ತಪ್ಪು ನುಸುಳುವುದು ಬಹಳ ಕಡೆ. ಸ್ಕ್ಯಾನ್ ವೇಳೆ ರೋಗಿ ಅಲುಗಿರಬಹುದು. ಹಳೆಯ ಲೋಹದ ಕ್ಯಾಪುಗಳ ಹೊಳಪು ಚಿತ್ರವನ್ನು ಕೆಡಿಸಿ ಎರಡು ಸ್ಕ್ಯಾನುಗಳ ಜೋಡಣೆ ಅರ್ಧ ಮಿ.ಮೀ. ಜಾರಿರಬಹುದು. ಪ್ರಿಂಟ್ ಆದ ಅಚ್ಚು ಒಣಗುವಾಗ ಕುಗ್ಗಿರಬಹುದು. ಡ್ರಿಲ್ಲಿಗೂ ಬಳೆಗೂ ನಡುವೆ ಸಡಿಲವಿರುತ್ತದೆ, ಇಲ್ಲದಿದ್ದರೆ ತಿರುಗುವುದೇ ಇಲ್ಲ. ಎಲ್ಲಕ್ಕಿಂತ ಸಾಮಾನ್ಯವಾದದ್ದು ಅಚ್ಚು ಪೂರ್ತಿ ಕೂರದಿರುವುದು. ಒಳ್ಳೆಯ ಗೈಡಿನಲ್ಲಿ ಅಲ್ಲಲ್ಲಿ ಪುಟ್ಟ ಕಿಟಕಿಗಳಿರುತ್ತವೆ. ಅವುಗಳ ಮೂಲಕ ಹಲ್ಲಿನ ತುದಿ ಅಚ್ಚಿಗೆ ತಾಗಿದೆಯೇ ಎಂದು ನೋಡಿದ ಮೇಲೆಯೇ ಡ್ರಿಲ್ ಎತ್ತಬೇಕು. ಹಲ್ಲೇ ಇಲ್ಲದ ಬಾಯಲ್ಲಿ ಗೈಡ್ ವಸಡಿನ ಮೇಲೆ ಕೂರುತ್ತದೆ, ವಸಡು ಒತ್ತಿದರೆ ತಗ್ಗುತ್ತದೆ. ಹಾಗಾಗಿ ಮೂಳೆಗೆ ಪಿನ್ ಹೊಡೆದು ಅಚ್ಚನ್ನು ಬಿಗಿಯುತ್ತಾರೆ.

ಗೈಡಿನ ಎರಡು ಅಡಚಣೆಗಳು ಸೀದಾ ರೋಗಿಗೆ ಸಂಬಂಧಿಸಿದವು. ಒಂದು ಬಿಸಿ: ಅಚ್ಚು ಅಡ್ಡ ಇರುವುದರಿಂದ ಸಲೈನ್ ಮೂಳೆಗೆ ಸರಿಯಾಗಿ ತಲುಪುವುದಿಲ್ಲ, ಕೊರೆಯುತ್ತ ನಡುನಡುವೆ ಹೊರತೆಗೆದು ತಣಿಸಬೇಕು. ಇನ್ನೊಂದು ಬಾಯಿಯ ಅಗಲ. ಬಳೆಯ ಎತ್ತರವನ್ನು ದಾಟಬೇಕಾದ್ದರಿಂದ ಗೈಡಿನ ಡ್ರಿಲ್ಲುಗಳು ಮಾಮೂಲಿಗಿಂತ ಸುಮಾರು ಒಂದು ಸೆಂಟಿಮೀಟರ್ ಉದ್ದ. ಹಿಂದಿನ ದವಡೆ ಹಲ್ಲಿನ ಜಾಗದಲ್ಲಿ ಕೆಲಸ ಮಾಡಲು ಬಾಯಿ ನಾಲ್ಕು ಸೆಂಟಿಮೀಟರಿನಷ್ಟಾದರೂ ತೆರೆಯಬೇಕು, ಅಂದರೆ ಮೂರು ಬೆರಳು ನೆಟ್ಟಗೆ ನಿಲ್ಲುವಷ್ಟು. ಅಡಿಕೆ, ಗುಟ್ಕಾ ಹೆಚ್ಚು ಜಗಿಯುವವರಲ್ಲಿ ಕೆನ್ನೆಯ ಒಳಪದರ ನಾರುಗಟ್ಟಿ ಬಾಯಿ ಬಿಗಿದುಕೊಳ್ಳುವ ಕಾಯಿಲೆ ನಮ್ಮಲ್ಲಿ ವಿರಳವಲ್ಲ. ಎರಡು ಬೆರಳೂ ಹೋಗದ ಬಾಯಿಗೆ ಎಷ್ಟೇ ನಾಜೂಕಾದ ಗೈಡ್ ಮಾಡಿಸಿದರೂ ಹಿಂದಿನ ಹಲ್ಲಿಗೆ ಅದು ಉಪಯೋಗಕ್ಕೆ ಬರುವುದಿಲ್ಲ. ಮುಂಗಡ ಕೊಡುವ ಮುನ್ನ ಕನ್ನಡಿಯ ಮುಂದೆ ನಿಂತು ಬೆರಳಿಟ್ಟು ನೋಡಿಕೊಳ್ಳಬಹುದಾದ ಪರೀಕ್ಷೆ ಇದು.

ಅಚ್ಚಿನ ಬದಲು ಕ್ಯಾಮೆರಾ ಬಳಸುವ ವಿಧಾನಕ್ಕೆ ಡೈನಮಿಕ್ ನ್ಯಾವಿಗೇಷನ್ ಎನ್ನುತ್ತಾರೆ. ಡ್ರಿಲ್ಲಿಗೂ ದವಡೆಗೂ ಗುರುತು ಫಲಕ ಕಟ್ಟಿರುತ್ತಾರೆ. ಕ್ಯಾಮೆರಾ ಎರಡನ್ನೂ ಹಿಂಬಾಲಿಸುತ್ತದೆ. ಡ್ರಿಲ್ಲಿನ ತುದಿ ಮೂಳೆಯೊಳಗೆ ಎಲ್ಲಿದೆ ಎಂದು ಪರದೆಯ ಮೇಲೆ ಆಗಿಂದಾಗ್ಗೆ ಕಾಣುತ್ತದೆ, ಫೋನಿನಲ್ಲಿ ಮ್ಯಾಪ್ ನೋಡುತ್ತ ಗಾಡಿ ಓಡಿಸಿದ ಹಾಗೆ. ಯೋಜನೆಯನ್ನು ನಡುವೆ ಬದಲಿಸಬಹುದು, ನೀರು ಸರಾಗವಾಗಿ ಬೀಳುತ್ತದೆ, ಬಾಯಿ ಅಷ್ಟು ಅಗಲ ತೆರೆಯಬೇಕಿಲ್ಲ. ಆದರೆ ಗುರುತು ಫಲಕ ಸ್ವಲ್ಪ ಸರಿದರೂ ಪರದೆ ಸುಳ್ಳು ಹೇಳುತ್ತದೆ. ಅದಕ್ಕಾಗಿ ಪ್ರತಿ ಡ್ರಿಲ್ ಬದಲಿಸಿದಾಗಲೂ ಅದರ ತುದಿಯನ್ನು ಒಂದು ಹಲ್ಲಿಗೆ ಮುಟ್ಟಿಸಿ ಪರದೆಯಲ್ಲೂ ಅಲ್ಲಿಯೇ ತೋರಿಸುತ್ತಿದೆಯೇ ಎಂದು ನೋಡುತ್ತಾರೆ. ರೋಬೋಟ್ ತೋಳು ಇದರ ಮುಂದಿನ ಮೆಟ್ಟಿಲು. 2017ರಲ್ಲಿ ಚೀನಾದ ಷಿಆನ್ ನಗರದಲ್ಲಿ ರೋಬೋಟ್ ತಾನಾಗಿ ಎರಡು ಇಂಪ್ಲಾಂಟ್ ಕೂರಿಸಿತು, ವೈದ್ಯರು ಪಕ್ಕದಲ್ಲಿದ್ದು ನೋಡಿಕೊಂಡರು.

ಒಂದೇ ಹಲ್ಲು, ಧಾರಾಳ ಮೂಳೆ, ಎರಡೂ ಬದಿಗೆ ಹಲ್ಲುಗಳ ಆಸರೆ ಇದ್ದಾಗ ಪಳಗಿದ ಕೈ ಗೈಡ್ ಇಲ್ಲದೆಯೂ ಚೆನ್ನಾಗಿ ಇಡುತ್ತದೆ. ಹಲ್ಲಿಲ್ಲದ ಉದ್ದ ಜಾಗ, ನರದ ಹತ್ತಿರ, ನಕ್ಕರೆ ಕಾಣುವ ಮುಂಭಾಗ, ಕೊಯ್ಯದೆ ಇಡುವ ಯೋಜನೆ: ಇವುಗಳಲ್ಲಿ ಗೈಡಿನ ಖರ್ಚಿಗೆ ಅರ್ಥವಿದೆ.

ಕಿತ್ತ ದಿನವೇ ಇಡಬಹುದೇ

ಹಲ್ಲು ಕಿತ್ತ ಗುಂಡಿಯ ಅಗಲ ಒಂದು ವರ್ಷದಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಆ ನಷ್ಟದ ಮೂರನೇ ಎರಡು ಪಾಲು ಮೊದಲ ಮೂರು ತಿಂಗಳಲ್ಲೇ ಆಗಿಹೋಗುತ್ತದೆ. ಬಾಚಿಹಲ್ಲಿನ ಮುಂದಿನ ಮೂಳೆ ಬಹಳ ಮಂದಿಯಲ್ಲಿ 1 ಮಿ.ಮೀ.ಗಿಂತ ತೆಳು. ಅದರ ಜೀವ ಹಲ್ಲಿನ ಬೇರನ್ನೇ ನಂಬಿರುವುದರಿಂದ, ಬೇರು ಹೋದ ಮೇಲೆ ಅದೂ ಉಳಿಯುವುದಿಲ್ಲ.

ಹಾಗಾದರೆ ಅದೇ ದಿನ ಇಂಪ್ಲಾಂಟ್ ಇಟ್ಟರೆ ಮೂಳೆ ಕರಗುವುದು ನಿಲ್ಲಬೇಕಲ್ಲ ಎಂದು ಮೊದಮೊದಲು ತಜ್ಞರೂ ನಂಬಿದ್ದರು. ನಿಲ್ಲುವುದಿಲ್ಲ. ತಿರುಪು ಹೊರಮೂಳೆಗೆ ಒತ್ತಿಕೊಂಡಿದ್ದರೆ ಮೂಳೆ ಕರಗಿ, ವಸಡು ಮೇಲೆ ಸರಿದು, ಲೋಹ ಕಾಣತೊಡಗುತ್ತದೆ. ಆದ್ದರಿಂದ ಈಗ ಗುಂಡಿಯ ನಡುವೆ ಇಡುವುದಿಲ್ಲ. ಅಂಗುಳಿನ ಕಡೆಯ ಗೋಡೆಗೆ ಒರಗಿಸಿ ಕೊರೆದು, ಗುಂಡಿಯ ತಳದಾಚೆ 3ರಿಂದ 4 ಮಿ.ಮೀ. ಹೊಸ ಮೂಳೆಯಲ್ಲಿ ತಿರುಪಿಗೆ ಹಿಡಿತ ಕೊಡುತ್ತಾರೆ. ಮುಂದೆ ಉಳಿಯುವ 2 ಮಿ.ಮೀ. ಸಂದಿಯಲ್ಲಿ ಮೂಳೆ ಪುಡಿ ತುಂಬುತ್ತಾರೆ. ಇದರಲ್ಲಿ ಕೈ ತಪ್ಪುವುದು ಸುಲಭ, ಡ್ರಿಲ್ ಸದಾ ಖಾಲಿ ಗುಂಡಿಯತ್ತ ಜಾರುತ್ತದೆ.

ಹೊರಗೋಡೆ ಒಡೆದಿದ್ದರೆ, ಕೀವು ಹರಿಯುತ್ತಿದ್ದರೆ, ತಳದಲ್ಲಿ ಹಿಡಿತಕ್ಕೆ ಮೂಳೆ ಇಲ್ಲದಿದ್ದರೆ ಕಾಯುವುದೇ ಸರಿ. ವಸಡು ಮುಚ್ಚಲು 4ರಿಂದ 8 ವಾರ, ಗುಂಡಿಯೊಳಗೆ ಮೂಳೆ ತಕ್ಕಮಟ್ಟಿಗೆ ತುಂಬಲು 12ರಿಂದ 16 ವಾರ. ಇವು ಎರಡು ಒಪ್ಪಿತ ನಿಲ್ದಾಣಗಳು. ನಕ್ಕರೆ ಕಾಣುವ ಜಾಗದಲ್ಲಿ ಅನೇಕರು ಮೊದಲನೆಯದನ್ನು ಆರಿಸುತ್ತಾರೆ: ವಸಡು ಮುಚ್ಚಿರುತ್ತದೆ, ಮೂಳೆ ಇನ್ನೂ ಪೂರ್ತಿ ಕುಗ್ಗಿರುವುದಿಲ್ಲ.

ಮೂಳೆ ಸಾಲದಿದ್ದರೆ

ಮೇಲ್ದವಡೆಯ ಹಿಂಭಾಗದ ಮೇಲೆ ಸೈನಸ್ ಎಂಬ ಗಾಳಿಕೋಣೆ ಇದೆ. ಹಲ್ಲು ಹೋಗಿ ವರ್ಷಗಳಾದರೆ ಅದರ ನೆಲ ಕೆಳಗಿಳಿಯುತ್ತದೆ, ಕೊರೆಯಲು ಮೂರು ನಾಲ್ಕು ಮಿ.ಮೀ. ಮೂಳೆಯಷ್ಟೇ ಉಳಿಯುತ್ತದೆ. ಕೋಣೆಯ ನೆಲಹಾಸನ್ನು, ಅಂದರೆ 1 ಮಿ.ಮೀ.ಗಿಂತ ತೆಳುವಾದ ಪೊರೆಯನ್ನು, ಹರಿಯದಂತೆ ಎತ್ತಿ ಅಡಿಯಲ್ಲಿ ಮೂಳೆ ಪುಡಿ ತುಂಬುವುದೇ ಸೈನಸ್ ಲಿಫ್ಟ್. 5 ಮಿ.ಮೀ.ಗಿಂತ ಹೆಚ್ಚು ಮೂಳೆ ಇದ್ದರೆ ಇಂಪ್ಲಾಂಟಿನ ರಂಧ್ರದಿಂದಲೇ ಮೆಲ್ಲಗೆ ಎತ್ತಬಹುದು. ಅದಕ್ಕಿಂತ ಕಡಿಮೆ ಇದ್ದರೆ ಕೆನ್ನೆಯ ಬದಿಯಿಂದ ಮೂಳೆಯಲ್ಲಿ ಕಿಟಕಿ ತೆಗೆಯಬೇಕು. ಪೊರೆ ಹರಿಯುವುದು ಇದರ ಅತಿ ಸಾಮಾನ್ಯ ತೊಡಕು. ಸಣ್ಣ ಹರುಕನ್ನು ಕೊಲಾಜೆನ್ ತೇಪೆಯಿಂದ ಮುಚ್ಚುತ್ತಾರೆ, ದೊಡ್ಡದಾದರೆ ನಿಲ್ಲಿಸಿ ಕೆಲವು ತಿಂಗಳು ಕಾಯುತ್ತಾರೆ. ಲಿಫ್ಟ್ ಆದವರು ಎರಡು ವಾರ ಮೂಗು ಸೀಟಬಾರದು, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು. ಇಷ್ಟೆಲ್ಲ ಬೇಡವೆಂದರೆ 6 ಮಿ.ಮೀ.ನಷ್ಟು ಗಿಡ್ಡ ತಿರುಪೂ ಒಂದು ದಾರಿ.

ಕಸಿಯ ವಸ್ತುವಿನ ಬಗ್ಗೆ ಒಂದು ಮಾತನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಮೂಳೆ ಪುಡಿಗಳಲ್ಲಿ ಹಸುವಿನ ಮೂಳೆಯಿಂದ ಸಂಸ್ಕರಿಸಿ ತಯಾರಿಸಿದ್ದು ಒಂದು. ಮೇಲೆ ಹೊದಿಸುವ ಕೊಲಾಜೆನ್ ಪೊರೆ ಅನೇಕ ಸಲ ಹಂದಿಯದು. ಸಸ್ಯಾಹಾರಕ್ಕೋ ಧರ್ಮದ ಕಟ್ಟಳೆಗೋ ಇದು ಹೊಂದದಿದ್ದರೆ ತಮ್ಮದೇ ದವಡೆಯಿಂದ ಕೆರೆದ ಮೂಳೆ, ಕ್ಯಾಲ್ಸಿಯಂ ಫಾಸ್ಫೇಟಿನ ಕೃತಕ ಪುಡಿ ಮುಂತಾದ ಬದಲಿಗಳಿವೆ. ಕೇಳದಿದ್ದರೆ ಹೇಳುವವರು ಕಡಿಮೆ.

ಮೇಲಿನ ಹಲ್ಲು ಯಾವಾಗ

ಎರಡು ಹಂತದ ಕ್ರಮದಲ್ಲಿ ತಿರುಪಿನ ಬಾಯಿಗೆ ಮುಚ್ಚಳ ಹಾಕಿ, ವಸಡನ್ನು ಮೇಲೆ ಹೊಲಿದು ಹೂತಿಡುತ್ತಾರೆ. ಬೆಸುಗೆ ಬಲಿತ ಮೇಲೆ ಪುಟ್ಟ ಕೊಯ್ತದಿಂದ ತೆರೆದು ಹಲ್ಲು ಕಟ್ಟುತ್ತಾರೆ. ಒಂದು ಹಂತದಲ್ಲಿ ಅದೇ ದಿನ ವಸಡಿನ ಹೊರಗೆ ಕಾಣುವ ಗುಂಡು ಮುಚ್ಚಳ ಹಾಕುವುದರಿಂದ ಎರಡನೆಯ ಕೊಯ್ತ ಉಳಿಯುತ್ತದೆ. ಕಸಿ ಮಾಡಿದ್ದರೆ, ಬಿಗಿ ಕಡಿಮೆ ಇದ್ದರೆ ಹೂತಿಡುವುದೇ ವಾಸಿ. ಹಿಂದೆ ಕೆಳದವಡೆಗೆ ಮೂರು, ಮೇಲ್ದವಡೆಗೆ ಆರು ತಿಂಗಳು ಕಾಯುತ್ತಿದ್ದರು. ತಿರುಪಿನ ಮೈಯನ್ನು ಆಮ್ಲದಿಂದ ತರಿತರಿ ಮಾಡುವ ಪದ್ಧತಿ ಬಂದ ಮೇಲೆ ಒಳ್ಳೆಯ ಮೂಳೆಯಲ್ಲಿ ಆರರಿಂದ ಎಂಟು ವಾರ ಸಾಕಾಗುತ್ತದೆ.

ವಾರದೊಳಗೆ ಹಲ್ಲು ಕೂರಿಸುವುದಕ್ಕೆ ಇಮ್ಮಿಡಿಯೆಟ್ ಲೋಡಿಂಗ್ ಎಂದು ಹೆಸರು. 35 ನ್ಯೂಟನ್ ಸೆಂಟಿಮೀಟರಿನಷ್ಟು ಬಿಗಿ ಸಿಕ್ಕಿದ್ದರೆ ಒಂಟಿ ಹಲ್ಲಿಗೂ ಕೂಡುತ್ತದೆ. ಆದರೆ ಆ ಹಲ್ಲು ಅಂದಕ್ಕೆ ಮಾತ್ರ, ಎದುರಿನ ಹಲ್ಲಿಗೆ ತಾಗದಂತೆ ಗಿಡ್ಡ ಮಾಡಿರುತ್ತಾರೆ. ಇಡೀ ಬಾಯಿಗೆ ಹಲ್ಲು ಕಟ್ಟುವಾಗ ಲೆಕ್ಕ ಬೇರೆ. ನಾಲ್ಕಾರು ತಿರುಪುಗಳನ್ನು ಒಂದೇ ಸೇತುವೆಯಿಂದ ಬಿಗಿದರೆ, ಚಪ್ಪರದ ಕಂಬಗಳಂತೆ ಒಂದನ್ನೊಂದು ಹಿಡಿದು ಅಲುಗಾಟ ತಡೆಯುತ್ತವೆ. ಪೋರ್ಚುಗಲ್ಲಿನ ಪಾಲೊ ಮಾಲೊ ರೂಪಿಸಿದ ‘ಆಲ್ ಆನ್ ಫೋರ್’ ವಿಧಾನದಲ್ಲಿ ಮುಂದೆ ಎರಡು ನೇರ ತಿರುಪು, ಹಿಂದೆ ಎರಡು ಓರೆ ತಿರುಪು. 30ರಿಂದ 45 ಡಿಗ್ರಿ ವಾಲಿಸುವುದರಿಂದ ಸೈನಸ್ ಮತ್ತು ನರ ಎರಡನ್ನೂ ತಪ್ಪಿಸಿಕೊಂಡು ಹೋಗಬಹುದು, ಹೆಚ್ಚಾಗಿ ಕಸಿ ಬೇಕಾಗುವುದಿಲ್ಲ.

‘ಮೂರು ದಿನ’ದ ಫಲಕಗಳ ಹಿಂದೆ ಹೆಚ್ಚಾಗಿ ಇರುವುದು ಬೇಸಲ್ ಅಥವಾ ಕಾರ್ಟಿಕಲ್ ಎಂಬ ಇನ್ನೊಂದು ಬಗೆ. ತಿರುಪು ಮತ್ತು ಕೊಂಡಿ ಒಂದೇ ತುಂಡು. ಅದು ಮೆದು ಮೂಳೆಯನ್ನು ದಾಟಿ ಆಚೆಯ ಗಟ್ಟಿ ಪದರವನ್ನು ಕಚ್ಚಿ ಹಿಡಿಯುತ್ತದೆ. ಒಂದೇ ತುಂಡಾದ್ದರಿಂದ ಹೂತಿಡುವ ಅನುಕೂಲ ಇಲ್ಲ, ದಿನಗಳಲ್ಲೇ ಸೇತುವೆಯಿಂದ ಕಟ್ಟಲೇಬೇಕು. ಮೂಳೆ ತೀರಾ ಕಡಿಮೆ ಇದ್ದವರಿಗೆ ಉಪಯೋಗವಿದೆ. ಆದರೆ ಒಂದು ತಿರುಪು ಸಡಿಲವಾದರೆ ಇಡೀ ಸೇತುವೆಯನ್ನು ಬಿಚ್ಚಬೇಕಾಗುತ್ತದೆ, ಮತ್ತು ಎರಡು ತುಂಡಿನ ಇಂಪ್ಲಾಂಟಿಗಿರುವಷ್ಟು ದೀರ್ಘಕಾಲದ ಅಧ್ಯಯನಗಳು ಇದಕ್ಕಿಲ್ಲ. ಬಾಯಲ್ಲಿ ಒಳ್ಳೆಯ ಹಲ್ಲುಗಳಿರುವಾಗ ಅವನ್ನೂ ಕಿತ್ತು ಇದನ್ನು ಹಾಕೋಣ ಎಂದರೆ ಇನ್ನೊಬ್ಬರ ಅಭಿಪ್ರಾಯ ಕೇಳಬೇಕು.

ಸಕ್ಕರೆ ಕಾಯಿಲೆಯವರ ಮೂರು ತಿಂಗಳ ಸರಾಸರಿ ಸೂಚಿ, ಅಂದರೆ ಎಚ್‌ಬಿಎ1ಸಿ, 7ರ ಆಸುಪಾಸು ಇದ್ದರೆ ಒಳ್ಳೆಯದು. 8 ದಾಟಿದ್ದರೆ ಅನೇಕರು ಮುಂದೂಡುತ್ತಾರೆ. ಮೂಳೆ ಸವೆತಕ್ಕೋ ಕ್ಯಾನ್ಸರಿಗೋ ಜೋಲೆಡ್ರೊನಿಕ್ ಆಮ್ಲ, ಡೆನೊಸುಮ್ಯಾಬ್ ಮುಂತಾದ ಚುಚ್ಚುಮದ್ದು ಪಡೆದವರು ಅದನ್ನು ಹೇಳಲೇಬೇಕು, ಅಂಥವರ ದವಡೆ ಮೂಳೆ ಕೊರೆದ ಮೇಲೆ ಮಾಯದೆ ಕೊಳೆಯಬಹುದು. ರಕ್ತ ತೆಳುವಾಗಿಸುವ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು, ಹೃದಯದ ವೈದ್ಯರು ಹೇಳಿದಂತೆ ನಡೆಯಬೇಕು.

ಆಮೇಲಿನ ದಿನಗಳು

ಮೊದಲ ದಿನ ಹೊರಗಿನಿಂದ ಐಸ್, ತಣಿದ ಗಂಜಿ, ರಾಗಿ ಅಂಬಲಿ, ಮೊಸರನ್ನ. ಸ್ಟ್ರಾ ಹಾಕಿ ಹೀರಬಾರದು, ಹೆಪ್ಪು ಕಿತ್ತುಬರುತ್ತದೆ. ಬೀಡಿ ಸಿಗರೇಟು, ಅಡಿಕೆ ಬೇಡ. ಮರುದಿನದಿಂದ ಕ್ಲೋರ್‌ಹೆಕ್ಸಿಡಿನ್ ಎಂಬ ಸೋಂಕುನಿವಾರಕ ದ್ರವದಿಂದ ಬಾಯಿ ಮುಕ್ಕಳಿಸುವುದು. ಊತ ಮೂರನೆಯ ದಿನದ ಬಳಿಕ ಇಳಿಯಬೇಕು. ಇಳಿದ ನೋವು ವಾರದೊಳಗೆ ಮತ್ತೆ ಏರಿದರೆ ಸೋಂಕೋ ಬಿಸಿಯ ಪೆಟ್ಟೋ ಆಗಿರಬಹುದು.

ಕೆಳದವಡೆಗೆ ಇಂಪ್ಲಾಂಟ್ ಆದವರು ಒಂದನ್ನು ಮರೆಯಬಾರದು. ಮರಗಟ್ಟುವ ಮದ್ದು ಕೆಲವು ಗಂಟೆಗಳಲ್ಲಿ ಇಳಿಯಬೇಕು. ಮರುದಿನ ಬೆಳಿಗ್ಗೆಯೂ ತುಟಿ ಅಥವಾ ಗದ್ದ ಜೋಮು ಹಿಡಿದಂತಿದ್ದರೆ ತಿರುಪು ನರವನ್ನು ಒತ್ತುತ್ತಿರಬಹುದು. ಹೊಲಿಗೆ ಬಿಚ್ಚುವ ದಿನದವರೆಗೆ ಕಾಯಬಾರದು, ಆಗಲೇ ಫೋನ್ ಮಾಡಬೇಕು. ಮೊದಲ ಒಂದೂವರೆ ದಿನದೊಳಗೆ ತಿರುಪನ್ನು ಹಿಂದಕ್ಕೆ ತಿರುಗಿಸಿದರೆ ಅಥವಾ ತೆಗೆದರೆ ಸ್ಪರ್ಶ ಮರಳುವ ಸಾಧ್ಯತೆ ಹೆಚ್ಚು, ವಾರಗಳು ಕಳೆದರೆ ಕಡಿಮೆ.

ದುಬೈಯಿಂದಲೋ ಅಮೆರಿಕದಿಂದಲೋ ಊರಿಗೆ ಬಂದು ಮೂರು ವಾರದ ರಜೆಯಲ್ಲಿ ಇಂಪ್ಲಾಂಟ್ ಇಡಿಸಿಕೊಳ್ಳುವವರು ದಿನದ ಲೆಕ್ಕ ನೋಡಿಕೊಳ್ಳಬೇಕು. ವಿಮಾನ ಹತ್ತುವ ಹೊತ್ತು ಬೆಸುಗೆ ಅತಿ ದುರ್ಬಲವಾಗಿರುವ ಹೊತ್ತೇ ಆಗಿರುತ್ತದೆ. ಹೂತಿಟ್ಟು ಹೋಗಿ ಮುಂದಿನ ರಜೆಗೆ ಬಂದು ಹಲ್ಲು ಕಟ್ಟಿಸಿಕೊಳ್ಳುವುದು ಹೆಚ್ಚು ಕ್ಷೇಮ. ಎಲ್ಲೇ ಇಡಿಸಿದರೂ ತಿರುಪಿನ ಡಬ್ಬಿಯ ಮೇಲಿನ ಸ್ಟಿಕ್ಕರ್ ಕೇಳಿ ತೆಗೆದಿಟ್ಟುಕೊಳ್ಳಬೇಕು. ಅದರಲ್ಲಿ ಕಂಪನಿಯ ಹೆಸರು, ಮಾದರಿ, ಅಳತೆ, ಲಾಟ್ ನಂಬರ್ ಇರುತ್ತವೆ. ಹತ್ತು ವರ್ಷದ ಮೇಲೆ ಒಳಗಿನ ಸ್ಕ್ರೂ ಸಡಿಲವಾಗಿ ಬೇರೆ ಊರಿನ ವೈದ್ಯರ ಬಳಿ ಹೋದಾಗ, ಯಾವ ಕಂಪನಿಯ ಕೀಲಿ ಹಾಕಿ ತಿರುಗಿಸಬೇಕು ಎಂದು ಹೇಳುವುದು ಆ ಚೀಟಿಯೇ.